ರೊಟ್ಟಿಗೆ ವಾಟ್ಸಾಪ್, ಚಟ್ನಿಗೆ ಇನ್‌ಸ್ಟಾಗ್ರಾಮ್

ಧಾರವಾಡದ ಸಪ್ತಾಪುರದ ಕಡೆ ಹೆಣ್ಣುಮಕ್ಕಳೇ ನಡೆಸುವ ಒಂದು ರೊಟ್ಟಿ ಕೇಂದ್ರ. ಯಾವ ಸೋಶಿಯಲ್ ಮೀಡಿಯಾಕ್ಕೆ ಕೈ ಹಾಕಬೇಕು ಅಂತ ತೀರ್ಮಾನಿಸಲು ಒಂದು ಮಧ್ಯಾಹ್ನ ಕೂತೆವು. ಮೊದಲು ಆರ್ಡರ್ ಬರೆಯುವ ನೋಟ್‌ಬುಕ್ ತೆಗೆಸಿ, ಪ್ರತಿ ಆರ್ಡರಿನ ಮುಂದೆ ಎರಡೇ ವಿಷಯ ಬರೆಸಿದೆವು: ಯಾವ ಓಣಿಯವರು, ಯಾರು ಹೇಳಿ ಬಂದರು.

ಬಹುಪಾಲು ಗಿರಾಕಿಗಳು ಕೋಚಿಂಗಿಗೆ ಬಂದು ರೂಮ್ ಮಾಡಿಕೊಂಡ ಹುಡುಗರು, ಮೆಸ್‌ನವರು, ಸುತ್ತಲಿನ ಮನೆಗಳವರು. ರೀಲ್ಸ್ ನೋಡಿ ಬೆಂಗಳೂರಿನಿಂದ ಕೇಳಿದವರೂ ಇದ್ದರು. ಆದರೆ ಕಡಕ್ ರೊಟ್ಟಿ ಕೊರಿಯರ್‌ನಲ್ಲಿ ಚೂರಾಗುತ್ತದೆ, ಮೆತ್ತನೆಯದು ಎರಡನೇ ದಿನಕ್ಕೆ ಹಳಸಲು. ಶೇಂಗಾ ಚಟ್ನಿ, ಗುರೆಳ್ಳು ಪುಡಿಗೆ ಆ ತೊಂದರೆ ಇಲ್ಲ. ಹಾಗಾಗಿ ರೊಟ್ಟಿಗೆ ವಾಟ್ಸಾಪ್ ಬಿಸಿನೆಸ್ ಮತ್ತು ಗೂಗಲ್ ಮ್ಯಾಪ್, ಚಟ್ನಿಪುಡಿಗೆ ಇನ್‌ಸ್ಟಾಗ್ರಾಮ್ ಅಂತ ಹಂಚಿದೆವು.

ವಾಟ್ಸಾಪ್‌ನಲ್ಲಿ ಬಹಳ ಮಂದಿ ಎಡವುವುದು ಬ್ರಾಡ್‌ಕಾಸ್ಟ್‌ನಲ್ಲಿ, ಅಂದರೆ ಒಂದೇ ಮೆಸೇಜನ್ನು ಒಂದು ಪಟ್ಟಿಯವರಿಗೆಲ್ಲ ಬೇರೆ ಬೇರೆಯಾಗಿ ಕಳಿಸುವಲ್ಲಿ. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ನಿಜ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ತಲುಪುತ್ತದೆ. ನೂರಾರು ನಂಬರ್ ಸೇರಿಸಿ ‘ಯಾರೂ ನೋಡವಲ್ರು’ ಅನ್ನುವವರ ಕಥೆ ಸಾಮಾನ್ಯವಾಗಿ ಇದೇ. ಅದಕ್ಕೆ ಪ್ರತಿ ಪ್ಯಾಕೆಟ್ಟಿನಲ್ಲಿ ಒಂದು ಚೀಟಿ: ‘ನಂಬರ್ ಸೇವ್ ಮಾಡ್ಕೊಳ್ರಿ, ನಾಳೆ ಏನ್ ಐತಿ ಅಂತ ಸಂಜಿಗೆ ತಿಳಿಸ್ತೀವಿ.’ ವಾರಕ್ಕೆ ಎರಡು ಮೆಸೇಜ್ ಸಾಕು. ದಿನಾ ‘ಶುಭೋದಯ’ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ರಿಪೋರ್ಟ್ ಹೆಚ್ಚಾದರೆ ನಂಬರೇ ಬಂದ್ ಆಗಬಹುದು.

ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ (ಮಾಲಿನ ಪಟ್ಟಿಗೆ) ಹಾಕುವ ಫೋಟೋಕ್ಕೆ ಬಾಗಿಲ ಬಳಿಯ ಬೆಳಗಿನ ಬೆಳಕೇ ಸಾಕು. ಟ್ಯೂಬ್‌ಲೈಟಿನ ಕೆಳಗೆ ಬಿಳಿಜೋಳದ ರೊಟ್ಟಿ ಬೂದಿಯಂತೆ ಕಾಣುತ್ತದೆ. ಫೋಟೋದ ಕೆಳಗೆ ಎಣಿಕೆ, ತೂಕ, ಬೆಲೆ ಮೂರೂ ಇರಬೇಕು. ‘ರೇಟಿಗೆ ಮೆಸೇಜ್ ಮಾಡಿ’ ಅಂತ ಬರೆದರೆ ದಿನವೆಲ್ಲ ‘ಎಷ್ಟ್ರಿ?’ಗೆ ಉತ್ತರ ಕೊಡುತ್ತ ಕೂರಬೇಕು. ಅಷ್ಟರಲ್ಲಿ ಹಂಚಿನ ಮೇಲಿನದು ಕರಕಲು.

ಗೂಗಲ್‌ನಲ್ಲಿ ಅಂಗಡಿ ಸೇರಿಸುವುದು ಪುಕ್ಕಟೆ. ವಿಡಿಯೋ ಮೂಲಕ ಖಾತ್ರಿ ಕೇಳಿದರೆ ಓಣಿ, ಬೋರ್ಡ್, ಒಳಗಿನ ಕೆಲಸ ಮೂರನ್ನೂ ಕಟ್ ಮಾಡದೆ ಒಂದೇ ಓಟದಲ್ಲಿ ತೋರಿಸಬೇಕು. ಬೋರ್ಡಿನ ಮೇಲೆ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ತಿರಸ್ಕಾರವಾಗುವ ಸಂಭವ ಹೆಚ್ಚು. ಮ್ಯಾಪಿನ ಪಿನ್ ಹಿಂದಿನ ಓಣಿಯಲ್ಲಿ ಬಿದ್ದಿದ್ದರೆ ಎಳೆದು ಬಾಗಿಲ ಮುಂದೆಯೇ ಕೂರಿಸಿ.

ಇನ್‌ಸ್ಟಾಗ್ರಾಮಿಗೆ ಮುಖ ತೋರಿಸಿ ಮಾತಾಡಲೇಬೇಕೆಂದಿಲ್ಲ. ಶೇಂಗಾ ಕುಟ್ಟುವ ಸದ್ದು, ಕೆಂಪು ಪುಡಿ ಡಬ್ಬಿಗೆ ಬೀಳುವುದು, ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ. ಇಷ್ಟಕ್ಕೆ ಇಪ್ಪತ್ತು ಸೆಕೆಂಡ್ ಸಾಕು.

ದುಡ್ಡು ಕೊಟ್ಟು ಜಾಹೀರಾತು ಹಾಕುವ ವಿಷಯಕ್ಕೇ ಹೆಚ್ಚು ವಾದವಾಯಿತು. ದಿನಕ್ಕೆ ₹150ರಂತೆ ಐದು ದಿನ ಅಂದರೆ ₹750, ಅದರ ಮೇಲೆ ಶೇ. 18 ಜಿಎಸ್‌ಟಿ ₹135, ಒಟ್ಟು ₹885. ಒಂಬತ್ತು ಆರ್ಡರ್ ಬಂದವು ಅಂತ ಹಿಡಿದರೆ ಒಂದಕ್ಕೆ ಸುಮಾರು ₹98 ಬಿತ್ತು. ಇಪ್ಪತ್ತು ರೊಟ್ಟಿಯ ಪ್ಯಾಕೆಟ್ಟಿನಲ್ಲಿ ಅಷ್ಟು ಲಾಭ ಎಲ್ಲಿಂದ ಬರಬೇಕು? ಎಳ್ಳಮಾವಾಸ್ಯೆಯ ಹಿಂದಿನ ವಾರದ ಲೆಕ್ಕವೇ ಬೇರೆ. ಹೊಲದಲ್ಲಿ ನೈವೇದ್ಯ ಚೆಲ್ಲುವ ಚರಗಕ್ಕೆ ಒಂದೊಂದು ಮನೆಯವರೂ ಸಜ್ಜೆ ರೊಟ್ಟಿ ನೂರರ ಲೆಕ್ಕದಲ್ಲಿ ಕೇಳುತ್ತಾರೆ. ಜಾಹೀರಾತು ಆ ವಾರಕ್ಕಷ್ಟೇ, ವ್ಯಾಪ್ತಿ ಅಂಗಡಿಯಿಂದ ಹತ್ತು ಕಿಲೋಮೀಟರ್. ಹುಬ್ಬಳ್ಳಿ ಅದಕ್ಕೆ ಬರುವುದಿಲ್ಲ, ಡೆಲಿವರಿಗೆ ಹೋಗುವ ಸ್ಕೂಟಿ ಒಂದೇ ಇರುವುದರಿಂದ ಬರಬೇಕಾಗಿಯೂ ಇರಲಿಲ್ಲ.