1968 ಟೈಗರ್ಸ್ ರಿಪ್ಲೇ: ಆಲ್-ಸ್ಟಾರ್ ಬ್ರೇಕ್ ತನಕ ಬಂದ ಕಥೆ

ಅಂತೂ ಕಾರ್ಡು, ದಾಳ ಇಟ್ಕೊಂಡು ನಾನು ಮತ್ತೆ ಆಡ್ತಿರೋ 1968ರ ಬೇಸ್‌ಬಾಲ್ ಸೀಸನ್ ಆಲ್-ಸ್ಟಾರ್ ಬ್ರೇಕ್, ಅಂದ್ರೆ ಸೀಸನ್ ನಡುವಿನ ಬಿಡುವು, ಮುಟ್ತು. ಡೆಟ್ರಾಯಿಟ್ ಟೈಗರ್ಸ್ 51 ಗೆಲುವು, 32 ಸೋಲು. ನಿಜವಾದ ಟೈಗರ್ಸ್ ಈ ಹೊತ್ತಿಗೆ 55-28 ಇದ್ರು, ಅಂದ್ರೆ ನನ್ನ ಟೀಮ್ ನಾಲ್ಕು ಮ್ಯಾಚ್ ಹಿಂದೆ. ಆದ್ರೂ ಅಮೆರಿಕನ್ ಲೀಗ್‌ನಲ್ಲಿ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು) ಮೊದಲ ಸ್ಥಾನ ನಮ್ದೇ ಇದೆ.

ಹೊಸಬರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಆಟ ಸ್ಟ್ರಾಟ್-ಓ-ಮ್ಯಾಟಿಕ್, ಹ್ಯಾಲ್ ರಿಚ್‌ಮನ್ ಅನ್ನೋರು 1961ರಲ್ಲಿ ಶುರು ಮಾಡಿದ್ದು. ಸ್ಕೂಲಲ್ಲಿ ನಾವೆಲ್ಲ ಬುಕ್ ಕ್ರಿಕೆಟ್ ಆಡ್ತಿದ್ವಲ್ಲ, ಪುಟ ತೆಗೆದು ಕೊನೇ ಅಂಕಿ ನೋಡಿ ರನ್ ಬರ್ಕೊಳ್ಳೋದು, ಅದೇ ಜಾತಿ ಇದು, ಆದ್ರೆ ಇಲ್ಲಿ ಪ್ರತಿ ಆಟಗಾರನಿಗೂ ಆ ವರ್ಷ ಅವನು ನಿಜವಾಗ್ಲೂ ಆಡಿದ ಲೆಕ್ಕದ ಮೇಲೆ ಮಾಡಿದ ಒಂದು ಕಾರ್ಡ್ ಇರತ್ತೆ. ಮೂರು ದಾಳ. ಬಿಳಿ ದಾಳದಲ್ಲಿ 1, 2, 3 ಬಿದ್ರೆ ಬ್ಯಾಟರ್ ಕಾರ್ಡ್ ನೋಡ್ಬೇಕು, 4, 5, 6 ಬಿದ್ರೆ ಪಿಚರ್, ಅಂದ್ರೆ ಬಾಲ್ ಎಸೆಯೋನ ಕಾರ್ಡ್. ಇನ್ನೆರಡು ದಾಳ ಕೂಡಿಸಿದ್ರೆ ಯಾವ ಸಾಲು ಅಂತ ಗೊತ್ತಾಗತ್ತೆ. ಕೆಲವು ಕಡೆ ಇಪ್ಪತ್ತು ಮುಖದ ದಾಳ ಇನ್ನೊಂದ್ಸಲ ಉರುಳಿಸ್ಬೇಕು.

ಇಡೀ ಲೀಗ್ ಆಡೋಕೆ ಟೈಮ್ ಇಲ್ಲ, ಅದಕ್ಕೆ ಟೈಗರ್ಸ್‌ನ 162 ಮ್ಯಾಚ್ ಮಾತ್ರ ಆಡ್ತಿದೀನಿ. ಆಗ ಲೀಗಲ್ಲಿ ಹತ್ತೇ ಟೀಮ್, ಡಿವಿಷನ್ ಪ್ಲೇಆಫ್ ಏನೂ ಇಲ್ಲ, ಉಳಿದ ಒಂಬತ್ತು ಟೀಮ್ ಜೊತೆ ತಲಾ 18 ಸಲ ಆಡಿ ಮೊದಲು ಬಂದವರು ನೇರ ವರ್ಲ್ಡ್ ಸೀರೀಸ್‌ಗೆ, ಅಂದ್ರೆ ಎರಡು ಲೀಗ್ ಚಾಂಪಿಯನ್‌ಗಳ ಫೈನಲ್‌ಗೆ. ಉಳಿದ ಟೀಮ್‌ಗಳು ತಮ್ಮತಮ್ಮಲ್ಲಿ ಆಡಿದ ರಿಸಲ್ಟ್ ಇತಿಹಾಸದಲ್ಲಿ ಇದ್ದ ಹಾಗೇ ತಗೋತೀನಿ. ಗಾಯದ ವಿಷಯದಲ್ಲೂ ಅಷ್ಟೇ. ನಮ್ಮ ಟೀಮಿನ ಅಲ್ ಕೇಲೈನ್‌ಗೆ ಮೇ 25ಕ್ಕೆ ಬಾಲ್ ಬಡಿದು ಕೈ ಮುರೀತು, ಒಂದು ತಿಂಗಳ ಮೇಲೆ ಆಡ್ಲಿಲ್ಲ, ನಾನೂ ಅಷ್ಟು ದಿನ ಅವನ ಕಾರ್ಡ್ ಡಬ್ಬಿಯಲ್ಲೇ ಇಟ್ಟಿದ್ದೆ. ಅವನಷ್ಟು ದೊಡ್ಡ ಆಟಗಾರನ ಕಾರ್ಡ್ ಕೈಗೆ ಸಿಗೋ ಹಾಗೇ ಇದ್ರೂ ಮುಟ್ಟದೇ ಇರೋದು ಕಷ್ಟದ ಕೆಲಸ ರೀ.

1968ನೇ ಯಾಕೆ ಅಂತ ಕೇಳ್ತಾರೆ. ನಾವಿರೋದು ಮಿಶಿಗನ್‌ನಲ್ಲಿ, ಇಲ್ಲಿ ಬಂದ್ಮೇಲೆ ಬೇಸ್‌ಬಾಲ್ ಹತ್ತಿದ್ದೇ ಈ ಟೀಮ್ ಕಥೆಗಳಿಂದ. ಮಿಶಿಗನ್ ಅವೆನ್ಯೂ ಮತ್ತು ಟ್ರಂಬುಲ್ ಕೂಡೋ ಮೂಲೆಯಲ್ಲಿದ್ದ ಹಳೇ ಸ್ಟೇಡಿಯಂ ಈಗಿಲ್ಲ, ಆದ್ರೆ ಸೆಂಟರ್ ಫೀಲ್ಡ್‌ನ 125 ಅಡಿ ಧ್ವಜಸ್ತಂಭ ಇನ್ನೂ ನಿಂತಿದೆ, ಅದು ಆಗ ಮೈದಾನದ ಒಳಗೇ ಇತ್ತು! 1967ರಲ್ಲಿ ಟೈಗರ್ಸ್ ಕೊನೇ ದಿನ ಒಂದೇ ಒಂದು ಮ್ಯಾಚಲ್ಲಿ ಬಾಸ್ಟನ್‌ಗೆ ಚಾಂಪಿಯನ್‌ಶಿಪ್ ಬಿಟ್ಕೊಟ್ರು, ಅದೇ ಬೇಸಿಗೆ ಊರಲ್ಲಿ ಗಲಭೆ ಆಗಿ 43 ಜನ ಸತ್ರು. ಅದರ ಮೇಲೆ ನವೆಂಬರ್‌ನಿಂದ ಮರುವರ್ಷ ಆಗಸ್ಟ್ ತನಕ ಡೆಟ್ರಾಯಿಟ್‌ನ ಎರಡೂ ದೊಡ್ಡ ಪೇಪರ್ ಮುಷ್ಕರದಿಂದ ಬಂದ್. ಹಾಗಾಗಿ ಊರಿನವರಿಗೆ ಈ ಸೀಸನ್ ಮುಖ್ಯವಾಗಿ ತಲುಪಿದ್ದು ರೇಡಿಯೋದಲ್ಲಿ, ಅರ್ನಿ ಹಾರ್ವೆಲ್ ದನಿಯಲ್ಲಿ. ಇದು ಗೊತ್ತಾದ್ಮೇಲೆ ನಾನೂ ಪ್ರತಿ ಮ್ಯಾಚ್‌ಗೆ ಬಾಯಲ್ಲಿ ಕಾಮೆಂಟರಿ ಹೇಳ್ತೀನಿ, ಕನ್ನಡದಲ್ಲೇ, ಮಗಳು ದಾಳ ಉರುಳಿಸ್ತಾಳೆ.

ಅದು ಪಿಚರ್‌ಗಳ ವರ್ಷ. ಇಡೀ ಅಮೆರಿಕನ್ ಲೀಗ್ ಬ್ಯಾಟಿಂಗ್ ಆವರೇಜ್ .230, ಅಂದ್ರೆ ನೂರು ಸಲ ಬ್ಯಾಟ್ ಮಾಡಿದ್ರೆ 23 ಹಿಟ್, ಬಾಸ್ಟನ್‌ನ ಯಸ್ಟ್ರೆಮ್ಸ್ಕಿ ಬರೀ .301 ಹೊಡೆದು ಬ್ಯಾಟಿಂಗ್ ಟೈಟಲ್ ಗೆದ್ದ. ಮರುವರ್ಷ ಪಿಚರ್ ನಿಲ್ಲೋ ದಿಬ್ಬದ ಎತ್ತರವನ್ನ 15 ಇಂಚಿಂದ 10ಕ್ಕೆ ಇಳಿಸಿದ್ರು ಅಂದ್ರೆ ಲೆಕ್ಕ ಹಾಕಿ. ನಮ್ಮ ಪಿಚರ್ ಡೆನಿ ಮೆಕ್‌ಲೇನ್ ಆ ವರ್ಷ 31 ಮ್ಯಾಚ್ ಗೆದ್ದ, 1934ರ ಡಿಜಿ ಡೀನ್ ಆದ್ಮೇಲೆ 30 ಮುಟ್ಟಿದವನು ಅವನೊಬ್ಬನೇ. ನನ್ನ ಟೇಬಲ್ ಮೇಲೆ ಅವನೀಗ 13-4, ನಿಜದಲ್ಲಿ ಈ ಹೊತ್ತಿಗೆ 16-2. ಮೂವತ್ತು ಆಗೋದು ಅನುಮಾನ, ಆದ್ರೆ ಅವನ ಪಾಳಿ ಬಂದಾಗೆಲ್ಲ ನನಗೆ ಎದೆ ಹೊಡ್ಕೊಳತ್ತೆ.

ಈ ಸಲ ಬರೀಬೇಕು ಅಂದ್ಕೊಂಡಿದ್ದು ರೇ ಆಯ್ಲರ್ ಬಗ್ಗೆ. ಶಾರ್ಟ್‌ಸ್ಟಾಪ್, ಅಂದ್ರೆ ಎರಡನೇ ಮೂರನೇ ಬೇಸ್ ಮಧ್ಯ ನಿಲ್ಲೋ ಫೀಲ್ಡರ್. ಆ ವರ್ಷ 215 ಸಲ ಬ್ಯಾಟ್ ಮಾಡಿ 29 ಹಿಟ್, ಆವರೇಜ್ .135. ಚಾಂಪಿಯನ್ ಟೀಮಲ್ಲಿ ಇಂಥವನನ್ನ ಮ್ಯಾನೇಜರ್ ಮೇಯೋ ಸ್ಮಿತ್ ಯಾಕೆ ಆಡಿಸ್ತಿದ್ದ ಅಂತ ಅಂಕಿಅಂಶ ನೋಡಿದ್ರೆ ಅರ್ಥನೇ ಆಗಲ್ಲ, ಆಡಿದ್ರೆ ಆಗತ್ತೆ: ಅವನ ಫೀಲ್ಡಿಂಗ್ ಅಷ್ಟು ಚೆನ್ನಾಗಿತ್ತು. ಪಿಚರ್ ಕಾರ್ಡಲ್ಲಿ ಇರೋ 108 ಚಾನ್ಸ್‌ನಲ್ಲಿ 30 ಫೀಲ್ಡರ್ ಕೈಗೆ ಹೋಗತ್ತೆ, ಅದರಲ್ಲಿ ಏಳು ಶಾರ್ಟ್‌ಸ್ಟಾಪ್‌ಗೇ, ಬೇರೆ ಯಾರಿಗೂ ಅಷ್ಟಿಲ್ಲ. ಮ್ಯಾಚ್‌ಗೆ ಒಂದೋ ಎರಡೋ ಸಲ ಬರೋ ಮಾತು, ಆದ್ರೆ ಟೀಮ್‌ಗೆ ಮ್ಯಾಚೊಂದಕ್ಕೆ ಮೂರು ಮೂರೂವರೆ ರನ್ ಬರೋ ಕಾಲದಲ್ಲಿ ಅದೇ ಮ್ಯಾಚ್ ತಿರುಗಿಸತ್ತೆ.

ಮೊನ್ನೆ ಕ್ಲೀವ್‌ಲ್ಯಾಂಡ್ ಮೇಲೆ ಆಗಿದ್ದು ನೋಡಿ. ಎದುರಿಗೆ ಅವರ ಪಿಚರ್ ಲೂಯಿಸ್ ಟಿಯಾಂಟ್, ಆ ವರ್ಷ ಅವನ ಮುಂದೆ ಬ್ಯಾಟರ್‌ಗಳ ಒಟ್ಟು ಆವರೇಜ್ .168, ಅವನ ಕಾರ್ಡಲ್ಲಿ ಹಿಟ್ ಹುಡುಕ್ಬೇಕು. ಎಂಟನೇ ಇನಿಂಗ್ಸ್ ತನಕ 0-0. ನಮ್ಮ ಫ್ರೀಹನ್ ಡಬಲ್ ಹೊಡೆದು ಎರಡನೇ ಬೇಸಲ್ಲಿ, ಎರಡು ಔಟ್, ಆಯ್ಲರ್ ಸರದಿ. ಬೆಂಚಲ್ಲಿ ಗೇಟ್ಸ್ ಬ್ರೌನ್, ಎಡಗೈ ಬ್ಯಾಟರ್, ಆ ವರ್ಷ .370. ಕಳಿಸ್ದೆ. ಬಿಳಿ ದಾಳ 2, ಬ್ರೌನ್ ಕಾರ್ಡ್, ಎರಡು ಸ್ಟಾರ್ ಇರೋ ಸಿಂಗಲ್, ಅಂದ್ರೆ ಓಡ್ತಿರೋನು ಎರಡು ಬೇಸ್ ದಾಟ್ತಾನೆ, ಫ್ರೀಹನ್ ಹೋಮ್! 1-0, ಮಗಳು ಕುರ್ಚಿ ಮೇಲೆ ಹತ್ತಿದ್ಲು. ಬೇಸ್‌ಬಾಲಲ್ಲಿ ಹೊರಗೆ ಹೋದವನು ಮತ್ತೆ ಒಳಗೆ ಬರೋ ಹಾಗಿಲ್ಲ, ಹಾಗಾಗಿ ಒಂಬತ್ತನೇ ಇನಿಂಗ್ಸ್‌ಗೆ ಶಾರ್ಟ್‌ಸ್ಟಾಪ್‌ನಲ್ಲಿ ಆಯ್ಲರ್ ಬದಲು ಟ್ರಸ್ಯೂಸ್ಕಿ ನಿಲ್ಬೇಕಾಯ್ತು. ಕ್ಲೀವ್‌ಲ್ಯಾಂಡ್‌ನ ಹೋಸೆ ಕಾರ್ಡೆನಾಲ್ ಎರಡನೇ ಬೇಸಲ್ಲಿ, ಎರಡು ಔಟ್, ಬಿಳಿ ದಾಳ 5, ಮೆಕ್‌ಲೇನ್ ಕಾರ್ಡ್, ಶಾರ್ಟ್‌ಸ್ಟಾಪ್ ಚಾನ್ಸ್. ಇಪ್ಪತ್ತರ ದಾಳ ಉರುಳಿ ನಿಂತ ನಂಬರ್‌ಗೆ ಚಾರ್ಟಲ್ಲಿ ಆಯ್ಲರ್ ಆಗಿದ್ರೆ ಔಟ್, ಟ್ರಸ್ಯೂಸ್ಕಿಗೆ ಹಿಟ್. 1-1. ಹನ್ನೊಂದನೇ ಇನಿಂಗ್ಸಲ್ಲಿ ಅವರ ಡ್ಯೂಕ್ ಸಿಮ್ಸ್ ಹೋಮ್ ರನ್, ಮುಗೀತು ಮ್ಯಾಚ್.

ಅದೇ ಪರಿಸ್ಥಿತಿ ಮತ್ತೆ ಬಂದ್ರೂ ಬ್ರೌನ್‌ನ್ನೇ ಕಳಿಸ್ತೀನಿ, ರನ್ ಇಲ್ದೆ ಗೆಲ್ಲೋಕಾಗಲ್ಲ. ಆದ್ರೆ ಆಯ್ಲರ್‌ನ್ನ ಮೊದಲ ಇನಿಂಗ್ಸಿಂದಾನೇ ಕೂರಿಸೋ ಯೋಚನೆ ಬಿಟ್ಟೆ. ಮೇಯೋ ಸ್ಮಿತ್ ದಿನಾ ಈ ಲೆಕ್ಕದಲ್ಲೇ ಒದ್ದಾಡಿರ್ತಾನೆ. ಅದಕ್ಕೇ ಅಲ್ವಾ ವರ್ಲ್ಡ್ ಸೀರೀಸ್‌ನಲ್ಲಿ ಸೆಂಟರ್ ಫೀಲ್ಡರ್ ಮಿಕಿ ಸ್ಟಾನ್ಲಿಯನ್ನ ತಂದು ಶಾರ್ಟ್‌ಸ್ಟಾಪ್‌ಗೆ ನಿಲ್ಲಿಸಿದ್ದು, ಎಷ್ಟು ಗುಂಡಿಗೆ ಬೇಕು ಅದಕ್ಕೆ!

ನಮ್ಮ ಜಿಮ್ ನಾರ್ಥ್‌ರಪ್ ನಿಜದಲ್ಲಿ ಜೂನ್ 24ಕ್ಕೆ ಒಂದೇ ಮ್ಯಾಚಲ್ಲಿ ಸತತ ಎರಡು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗ ಹೋಮ್ ರನ್) ಹೊಡೆದಿದ್ದ. ನನ್ನಲ್ಲಿ ಅವತ್ತು ಬೇಸ್ ತುಂಬಿದ್ದು ಒಂದೇ ಸಲ, ಅವನು ಹೊಡೆದ ಬಾಲ್‌ಗೆ ಇಬ್ಬರು ಔಟ್, ಡಬಲ್ ಪ್ಲೇ. ಆಲ್-ಸ್ಟಾರ್ ಮ್ಯಾಚ್ ನಾನು ಆಡ್ಲಿಲ್ಲ, ಹ್ಯೂಸ್ಟನ್ ಆಸ್ಟ್ರೋಡೋಮ್‌ನಲ್ಲಿ ಆದ ಅಸಲಿ 1-0 ಸ್ಕೋರೇ ಬರ್ಕೊಂಡೆ, ಆ ವರ್ಷಕ್ಕೆ ತಕ್ಕ ಸ್ಕೋರ್.

ಬ್ರೇಕ್ ಆದ್ಮೇಲೆ ಬಾಲ್ಟಿಮೋರ್‌ಗೆ ಅರ್ಲ್ ವೀವರ್ ಮ್ಯಾನೇಜರ್ ಆಗಿ ಬರ್ತಾನೆ. ನಿಜದ ಸೀಸನ್ನಲ್ಲಿ ಎರಡನೇ ಸ್ಥಾನಕ್ಕೆ ಬಂದವರು ಅವರೇ, 12 ಮ್ಯಾಚ್ ಹಿಂದೆ, ನನ್ನಲ್ಲಿ ಅಷ್ಟು ಅಂತರ ಉಳಿಯಲ್ಲ ಅನ್ಸತ್ತೆ. ಆಗಸ್ಟಲ್ಲಿ ನಮ್ಮ ಇನ್ನೊಬ್ಬ ಪಿಚರ್ ಲೋಲಿಚ್‌ನ್ನ ಸ್ಮಿತ್ ಮಾಡಿದ ಹಾಗೇ ಕೆಲವು ದಿನ ಬುಲ್‌ಪೆನ್‌ಗೆ, ಅಂದ್ರೆ ಬದಲಿ ಪಿಚರ್‌ಗಳ ಗುಂಪಿಗೆ ಕಳಿಸ್ತೀನಿ, ಮಗಳು ಒಪ್ತಿಲ್ಲ, ಅವಳ ಫೇವರಿಟ್ ಅವನೇ. ಮುಂದಿನ ಅಪ್‌ಡೇಟ್ ಆಗಸ್ಟ್ 11ರ ಬಾಸ್ಟನ್ ಡಬಲ್-ಹೆಡರ್ ಮುಗಿದ್ಮೇಲೆ. ನಿಜದಲ್ಲಿ ಅವತ್ತು ಎರಡೂ ಮ್ಯಾಚ್ ಗೆಲ್ಲಿಸಿದ್ದು ಇದೇ ಗೇಟ್ಸ್ ಬ್ರೌನ್.