ಟೋಸ್ಕಾ ಸಂಜೆಯ ಚಾಕು, ಮೇಣದಬತ್ತಿ, ಹಾಸಿಗೆ

ಇಟಲಿಯ ಸಂಗೀತಗಾರ ಪುಚ್ಚಿನಿಯ ‘ಟೋಸ್ಕಾ’ ಒಪೆರಾ (ಹಾಡಿನ ನಾಟಕ) ಇರುವ ಸಂಜೆ, ಎರಡನೇ ಅಂಕದ ಊಟದ ಮೇಜಿನ ಮೇಲೆ ಚಾಕು ಇದೆಯೇ ಎಂದು ಸ್ಟೇಜ್ ಮ್ಯಾನೇಜರ್ ಎರಡೆರಡು ಸಲ ನೋಡಿಕೊಳ್ಳುತ್ತಾರೆ. ಅದಿಲ್ಲದಿದ್ದರೂ ವಾದ್ಯವೃಂದ ನಿಲ್ಲುವುದಿಲ್ಲ. ನಾಯಕಿ ಟೋಸ್ಕಾಳ ಕೈಯಲ್ಲಿ ಖಳನಾಯಕ ಸ್ಕಾರ್ಪಿಯಾ ತನ್ನ ಸ್ವರ ಬಂದಾಗ ಸಾಯಲೇಬೇಕು, ಫೋರ್ಕಿನ ತಿವಿತದಿಂದಾದರೂ ಸರಿ.

ಸತ್ತ ಮೇಲೂ ಅವನ ಪಾಡು ಮುಗಿಯದು. ಅಷ್ಟು ಹೊತ್ತು ಗಂಟಲು ಬಿಚ್ಚಿ ಹಾಡಿದವನ ಹೊಟ್ಟೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿರುತ್ತದೆ. ಟೋಸ್ಕಾ ಅವನ ತಲೆಯ ಆಚೀಚೆ ಮೇಣದಬತ್ತಿ ಇಟ್ಟು ಎದೆಯ ಮೇಲೆ ಶಿಲುಬೆ ಇಡುತ್ತಾಳೆ. ಆ ಶಿಲುಬೆ ಕುಣಿಯತೊಡಗಿದರೆ ಸಭೆಯಲ್ಲಿ ಕಿಸಕ್ಕೆನ್ನದವರಿಲ್ಲ. ಬೀಳುವಾಗಲೇ ಹೊಟ್ಟೆ ಮೇಜಿನ ಮರೆಗೆ ಬರುವಂತೆ ಬೀಳಬೇಕು; ಶಿಲುಬೆಯನ್ನು ಕೊರಳ ಬುಡದತ್ತ ಸರಿಸಿ ಇಡಬೇಕು.

ನಿಜವಾದ ಜ್ವಾಲೆಯಾದರೆ ವಿಗ್ಗು, ಅಗಲ ತೋಳು ಎರಡಕ್ಕೂ ಗಂಡಾಂತರ. ತಾಲೀಮೊಂದರಲ್ಲಿ ಟೋಸ್ಕಾ ಆಗಿದ್ದ ಹೆಸರಾಂತ ಗಾಯಕಿ ಮರಿಯಾ ಕಲ್ಲಾಸ್ ಅವರ ವಿಗ್ಗಿಗೆ ಬೆಂಕಿ ತಗುಲಿದಾಗ ಸ್ಕಾರ್ಪಿಯಾ ಆಗಿದ್ದ ಟಿಟೊ ಗೊಬ್ಬಿ ತಬ್ಬಿಕೊಂಡವರಂತೆ ನಟಿಸುತ್ತಲೇ ಕೈಯಿಂದ ಆರಿಸಿದ್ದರು. ಬ್ಯಾಟರಿ ಬತ್ತಿಯ ಪೇಚು ಬೇರೆ ಬಗೆಯದು: ನಾಯಕಿ ಊದಿ ಅತ್ತ ತಿರುಗಿದ ಮೇಲೂ ಅದು ಉರಿಯುತ್ತಲೇ ಇರುತ್ತದೆ. ಸ್ವಿಚ್ ಹಿಡಿದವನಿಗೆ ಆಗಲೇ ತೂಕಡಿಕೆ!

ಮೂರನೇ ಅಂಕದಲ್ಲಿ ಬಂದೂಕು: ಸೈನಿಕರು ನಾಯಕನಿಗೆ ಗುಂಡಿಕ್ಕುತ್ತಾರೆ. ಖಾಲಿ ತೋಟಾದಲ್ಲಿ ಗುಂಡಿಲ್ಲ, ನಿಜ. ಆದರೆ ಬಿಸಿ ಗಾಳಿ, ಮದ್ದಿನ ಚೂರು ಹೊರಗೆ ನುಗ್ಗುತ್ತವೆ. ಅದಕ್ಕೇ ಗುರಿ ಗಾಯಕನ ಪಕ್ಕಕ್ಕಿರಬೇಕು. 1995ರಲ್ಲಿ ಇಟಲಿಯ ಮಾಚೆರಾತಾದಲ್ಲಿ ನಾಯಕನ ಪಾತ್ರದ ಟೆನರ್ (ಏರುದನಿಯ ಗಾಯಕ) ಫಾಬಿಯೊ ಅರ್ಮಿಲಿಯಾಟೊ ಅವರ ಕಾಲಿಗೆ ಹೀಗೆಯೇ ಪೆಟ್ಟಾಯಿತು. ಬಂದೂಕು ಸಿಡಿಯದಿದ್ದರಂತೂ ಪಾಪ, ಸದ್ದೇ ಇಲ್ಲದೆ ಸಾಯಬೇಕು.

ಕೊನೆಗೆ ಕೋಟೆಗೋಡೆಯಿಂದ ಟೋಸ್ಕಾಳ ಜಿಗಿತ. ಗೋಡೆಯ ಹಿಂದಿನ ಹಾಸಿಗೆ ದಪ್ಪ ಫೋಮಿನದಾಗಿರಬೇಕು. ಫೋಮು ಪೆಟ್ಟನ್ನು ನುಂಗುತ್ತದೆ, ಸ್ಪ್ರಿಂಗು ವಾಪಸ್ ಕೊಡುತ್ತದೆ. ಟ್ರಾಂಪೊಲಿನ್ ಮೇಲೆ ಬಿದ್ದ ಟೋಸ್ಕಾ ಗೋಡೆಯ ಮೇಲೆ ಮತ್ತೆ ಮತ್ತೆ ಪ್ರತ್ಯಕ್ಷಳಾದ ಕಥೆ ರಂಗದವರ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ. ಹಾಸಿಗೆಯನ್ನು ಎತ್ತರಕ್ಕೆ ಪೇರಿಸಿದರೆ ಸತ್ತವಳ ತಲೆ ಗೋಡೆಯ ಮೇಲೆ ಇಣುಕುತ್ತದೆ. ಲಂಗವನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು ಹಾರಬೇಕು, ಪಾದದ ಮೇಲಲ್ಲ, ಬೆನ್ನಿನ ಮೇಲೆ ಬೀಳಬೇಕು. ಪಾದ ಫೋಮಿನಲ್ಲಿ ಹೂತರೆ ಹರಡು ಉಳುಕುವುದು ಖಂಡಿತ.

ಸೈನಿಕರ ವೇಷದಲ್ಲಿ ಹಾಡಿಲ್ಲದ ಎಕ್ಸ್‌ಟ್ರಾಗಳನ್ನು ನಿಲ್ಲಿಸುವುದು ವಾಡಿಕೆ, ತಾಲೀಮು ಹೆಸರಿಗಷ್ಟೆ. ಅಂಥವರಿಗೆ ಒಮ್ಮೆ ಯಾರೋ “ಕೊನೆಯಲ್ಲಿ ಮುಖ್ಯ ಪಾತ್ರಧಾರಿಗಳ ಹಿಂದೆಯೇ ಹೊರಟುಬಿಡಿ” ಎಂದಿದ್ದರಂತೆ. ನಾಯಕ ಸತ್ತು ಬಿದ್ದಿದ್ದ, ನಾಯಕಿ ಗೋಡೆ ಹಾರಿದಳು. ಸೈನಿಕರೂ ಒಬ್ಬರ ಹಿಂದೊಬ್ಬರು ಹಾರಿದರು. ಕೆಳಗಿದ್ದದ್ದು ಒಬ್ಬರಿಗಾಗುವಷ್ಟು ಹಾಸಿಗೆ.