ಸಾಣೇಹಳ್ಳಿಯಲ್ಲಿ ಸಿಕ್ಕ ಅಜ್ಜಿ

ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿದ್ದೆ. ಮೊದಲು ರೈಲಿನ ವಿಷಯ ಹೇಳಿಬಿಡುತ್ತೇನೆ. ‘ಹೊಸದುರ್ಗ ರೋಡ್’ ಸ್ಟೇಷನ್ನಿನಲ್ಲಿ ಇಳಿದವರು ಹೊಸದುರ್ಗ ಬಂತು ಅಂದುಕೊಳ್ಳಬೇಡಿ. ಊರು ಅಲ್ಲಿಂದ ಇನ್ನೂ ದೂರ. ಬಸ್ಸಿಗೆ ಕಾದು ಕಾದು, ಕೊನೆಗೆ ಆಟೋದವರು ಕೇಳಿದಷ್ಟು ಕೊಟ್ಟು ಹೋದೆ. ದುಡ್ಡು ಹೋಗಿದ್ದಕ್ಕಿಂತ ಮೊದಲ ದಿನದ ನಾಟಕ ಅರ್ಧ ತಪ್ಪಿಹೋಯಿತಲ್ಲ, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತೆ.

ಸಾಣೇಹಳ್ಳಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಣ್ಣ ಊರು. ಪಂಡಿತಾರಾಧ್ಯ ಸ್ವಾಮೀಜಿ ಅಲ್ಲಿ ನಾಟಕವನ್ನೇ ಮಠದ ಕಾಯಕ ಮಾಡಿದ್ದಾರೆ. 1997ರಲ್ಲಿ ಶುರುವಾದ ‘ಶಿವಸಂಚಾರ’ ತಂಡ ನಾಟಕ ಹೊತ್ತು ನಾಡೆಲ್ಲ ಸುತ್ತುತ್ತದೆ. ನವೆಂಬರಿನಲ್ಲಿ ಇಲ್ಲೇ ನಾಟಕೋತ್ಸವ. ಗ್ರೀಕ್ ಮಾದರಿಯ ಬಯಲು ರಂಗಮಂದಿರ. ಮೆಟ್ಟಿಲ ಮೇಲೆ ಕೂತರೆ ಕೆಳಗಿನಿಂದ ಚಳಿ ಏರುತ್ತೆ, ಒಂದು ದಪ್ಪ ಶಾಲು ಇರಲಿ.

ನಡುವಿನ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊರಗಿನಿಂದ ಬಂದ ಒಂದು ನಾಟಕದಲ್ಲಿ ಬರೀ ಹೊಗೆ, ಬಣ್ಣದ ಬೆಳಕು. ನನಗೆ ಹಿಡಿಸಲಿಲ್ಲ. ಆದರೆ ಶಿವಸಂಚಾರದವರ ನಾಟಕದಲ್ಲಿ ಒಬ್ಬ ಅಜ್ಜಿ ಇದ್ದಳು. ಕೂತಲ್ಲಿಂದ ಏಳುವಾಗ ಮೊಣಕಾಲಿಗೆ ಕೈ ಊರಿ, ಅರೆಗಳಿಗೆ ನಿಂತು, ‘ಶಿವನೇ’ ಅನ್ನುತ್ತಿದ್ದಳು. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಒಬ್ಬ ಹುಡುಗಿ ಬನ್ನು ಅದ್ದಿ ತಿನ್ನುತ್ತಿದ್ದಳು. ಕಿವಿಯ ಹಿಂದೆ ಬಿಳಿ ಬಣ್ಣ ಇನ್ನೂ ಉಳಿದಿತ್ತು.

“ನಿನ್ನೆ ಅಜ್ಜಿ ನೀನೇ ಅಲ್ವಾ?” ಅಂದೆ.

“ಹೂಂ ರೀ ಅಕ್ಕಾ.” ಇಪ್ಪತ್ತು ದಾಟಿರಬೇಕು, ಅಷ್ಟೇ. ಕೊಪ್ಪಳದ ಕಡೆಯವಳಂತೆ.

ಆ ‘ಶಿವನೇ’ ಎಲ್ಲಿಂದ ಬಂತು ಅಂತ ಕೇಳಿದೆ.

“ನಮ್ಮಜ್ಜೀದು. ಡೈರೆಕ್ಟರ್ ಹೇಳಿಕೊಟ್ಟಿದ್ದಲ್ಲ. ಕುಂತ್ರೂ ಎದ್ರೂ ಹಂಗ ಅಂತಾಳ.”

“ಅಜ್ಜಿ ನೋಡಿದಾರಾ ನಾಟಕನ?”

ಬನ್ನು ಕೈಯಲ್ಲೇ ಉಳಿಯಿತು. “ಇಲ್ರೀ. ಈ ಸಲ ತಿರುಗಾಟದಾಗ ನಮ್ಮೂರಿಗೇ ಹೊಂಟೀವಿ. ಮುಂದಿನ ಸಾಲಿನಾಗ ಕುಂದ್ರತಾಳ. ಅಕೀ ಮುಂದನ ಅಕೀ ಹಂಗ ಹೆಂಗ ಮಾಡ್ಲಿ? ನಾ ಅಣಗಿಸ್ತೀನಿ ಅಂತ ಅಕೀ ಅಂದ್ಕೊಂಡ್ರ?”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ನಾಟಕ ನೋಡುತ್ತಿದ್ದೇನೆ. ಕತ್ತಲಲ್ಲಿ ಕೂತ ಒಬ್ಬರಿಗಾಗಿ ನಟರು ಹೀಗೆ ಹೆದರುತ್ತಾರೆ ಅಂತ ಯೋಚಿಸಿಯೇ ಇರಲಿಲ್ಲ. “ಅವರಿಗೆ ಮೊದಲೇ ಹೇಳಿಬಿಡು,” ಅಂದೆ. ಅವಳು ತಲೆ ಅಲ್ಲಾಡಿಸಿದಳು. “ಹೇಳಿದ್ರ ಅವತ್ತು ‘ಶಿವನೇ’ ಅನ್ನಾಕನ ನಾಚ್ಕೋತಾಳ.”

ಅಷ್ಟರಲ್ಲಿ ಗಾಡಿಯ ಹತ್ತಿರ ಯಾರೋ ಕೂಗಿದರು. ಈ ತಂಡದಲ್ಲಿ ಪೆಟ್ಟಿಗೆ ಹೊರುವುದೂ ನಟರೇ. ಅವಳು ಗ್ಲಾಸು ತೊಳೆದಿಟ್ಟು ಓಡಿದಳು. ಲೈಟಿನ ಟ್ರಂಕಿನ ಒಂದು ಕಡೆ ಇಬ್ಬರು ಹುಡುಗರು, ಇನ್ನೊಂದು ಕಡೆ ಇವಳು. ಎತ್ತುವಾಗ ಅವಳ ಬಾಯಿಂದ ತಾನಾಗಿ ಬಂತು, “ಶಿವನೇ.”